ಆಪ್ತ ಸಲಹೆ: ಜನ್ಮ ದಾಟಿ ಬಂದ ನೆನಪು, ಹೊಸದಾಗಿ ಪಳಗಬೇಕಾದ ಭುಜ

ಪ್ರಶ್ನೆ: ನನಗೆ 23, ಊರು ಗೋಣಿಕೊಪ್ಪದ ಹತ್ತಿರ. ಕಂತುಗಳಲ್ಲಿ ಒಂದು ಕಥೆ ಪ್ರಕಟಿಸುತ್ತಿದ್ದೇನೆ. ಕಾಫಿ ತೋಟದ ಮನೆಯ ಹುಡುಗಿ ಸತ್ತು, ಕೋಟೆ-ಕುದುರೆಗಳ ಬೇರೊಂದು ಲೋಕದಲ್ಲಿ ಹುಟ್ಟಿ, ನೈಟ್ (ಕವಚ ತೊಟ್ಟ ಕುದುರೆ ಯೋಧ) ಆಗಲು ಹೊರಡುತ್ತಾಳೆ. 11ನೇ ಕಂತಿನಲ್ಲಿ, ಹತ್ತು ವರ್ಷದವಳಿದ್ದಾಗ, ಹಿಂದಿನ ಜನ್ಮದಲ್ಲಿ ಕೊಡವರ ಒಡಿಕತ್ತಿ ಹಿಡಿದ ರೂಢಿಯಿಂದ ಕಾವಲು ಭಟನನ್ನು ಸೋಲಿಸುತ್ತಾಳೆ. ‘ನಂಬೋಕಾಗಲ್ಲ’, ‘ಐವತ್ತು ಕೆಜಿ ಕವಚ ಹೊತ್ತು ಹುಡುಗಿ ಏಳ್ತಾಳಾ’, ‘ಒಬ್ಬ ರಾಜಕುಮಾರ ಬರಲಿ’ ಎನ್ನುತ್ತಾರೆ ಓದುಗರು. ಕೆಲವರು ನನ್ನನ್ನೇ ಕೆಟ್ಟದಾಗಿ ಬೈದಿದ್ದಾರೆ. ಕಥೆ ಓದದ ಅಣ್ಣ ಆ ಬೈಗುಳ ನೋಡಿ, ಊರಲ್ಲಿ ಮಾತಾಗುತ್ತೆ, ನಿಲ್ಲಿಸು ಎನ್ನುತ್ತಾನೆ. ನಿಲ್ಲಿಸಲೇ?

ಉತ್ತರ: ನಿಲ್ಲಿಸಬೇಡಿ. 11ನೇ ಕಂತನ್ನು ಮಾತ್ರ ಮತ್ತೆ ಬರೆಯಿರಿ.

‘ನಂಬೋಕಾಗಲ್ಲ’ ಎಂದವರಲ್ಲಿ ಹೆಣ್ಣೆಂಬ ತಾತ್ಸಾರದವರೂ ಇರಬಹುದು. ಆದರೂ ಅವರು ಎಡವಿದ ಜಾಗದಲ್ಲಿ ಕಲ್ಲು ಇದೆ. ಜನ್ಮ ದಾಟಿ ನೆನಪು ಬರಬಹುದು, ಪಳಗಿದ ಭುಜ, ಮಣಿಕಟ್ಟು ಬರುವುದಿಲ್ಲ. ಶಿಖಂಡಿಯಾಗಿ ಹುಟ್ಟಿದ ಅಂಬೆಯೊಂದಿಗೆ ಭೀಷ್ಮನ ಮೇಲಿನ ಹಗೆ ಬಂತು. ಬಿಲ್ವಿದ್ಯೆಯನ್ನು ದ್ರೋಣನ ಬಳಿ ಕಲಿಯಬೇಕಾಯಿತು. ಮಧ್ಯಯುಗದ ಯುರೋಪಿನಲ್ಲಿ ಹುಡುಗರು ಸಾಮಾನ್ಯವಾಗಿ 7ರ ಸುಮಾರಿಗೆ ಪೇಜ್ (ಚಾಕರಿಯ ಹುಡುಗ) ಆಗಿ ಪ್ರಭುವಿನ ಮನೆ ಸೇರುತ್ತಿದ್ದರು, 14ರ ಹೊತ್ತಿಗೆ ಸ್ಕ್ವೈರ್ (ನೈಟ್‌ನ ಸಹಾಯಕ), 21ರ ಆಸುಪಾಸಿಗೆ ನೈಟ್. ನಡುವೆ ಇದ್ದದ್ದು ಲಾಯದ ಚಾಕರಿ, ಕವಚ ಉಜ್ಜುವುದು, ಮರದ ಕತ್ತಿಯ ಅಭ್ಯಾಸ. ನೀವು ಹಾರಿಸಿದ್ದು ಈ ವರ್ಷಗಳನ್ನೇ. ಒಂಟಿ ಕೈಯ ಕತ್ತಿ ಒಂದರಿಂದ ಒಂದೂವರೆ ಕೆಜಿ ತೂಗುತ್ತದೆ. ಎತ್ತುವುದು ಸುಲಭ, ಚಾಚಿದ ಕೈಯಲ್ಲಿ ಹಿಡಿದೇ ಇರುವುದು ಕಷ್ಟ.

ಒಡಿಕತ್ತಿಯದು ಬಾಗಿದ, ಅಗಲವಾದ ಅಲಗು, ಕಡಿಯಲು ಮಾಡಿದ್ದು. ಬೆನ್ನ ಹಿಂದೆ, ಕತ್ತಿ ಸಿಕ್ಕಿಸುವ ಕೊಂಡಿಯಾದ ತೋಡಂಗ್‌ನಲ್ಲಿರುತ್ತದೆ. ನೈಟ್‌ಗಳ ಕತ್ತಿ ನೇರ, ಎರಡೂ ಬದಿ ಹರಿತ, ಮೊನೆಯಿಂದ ಇರಿಯಲೂಬೇಕು, ತೂಗುವುದು ಸೊಂಟದಲ್ಲಿ. ಹಳೆಯ ರೂಢಿ ಅವಳಿಗೆ ಅಡ್ಡಿಯೇ ಆಗುತ್ತದೆ. ಗಾಬರಿಯಲ್ಲಿ ಅವಳ ಕೈ ಬೆನ್ನ ಹಿಂದೆ ಹೋಗಲಿ, ಅಷ್ಟರಲ್ಲಿ ಭಟ ಅವಳನ್ನು ಕೆಡವಲಿ. ಇಡೀ ಕಥೆಯಲ್ಲಿ ಇದಕ್ಕಿಂತ ಒಳ್ಳೆಯ ದೃಶ್ಯ ನಿಮಗೆ ಸಿಗಲಾರದು.

ಹಿಂದಿನ ಜನ್ಮದ ಲಾಭವನ್ನು ಬೇರೆಡೆ ಕೊಡಿ. ಕೊಡಗಿನ ಮಳೆಯಲ್ಲಿ ಕಬ್ಬಿಣಕ್ಕೆ ಎಷ್ಟು ಬೇಗ ತುಕ್ಕು ಹತ್ತುತ್ತದೆಂದು ಅವಳಿಗೆ ಗೊತ್ತು. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಮನೆಯ ಆಯುಧ ಒರೆಸಿ ಎಣ್ಣೆ ಹಚ್ಚಿದವಳು. ಸರಪಳಿ ಕವಚವನ್ನು ಮರಳಿನ ಪೀಪಾಯಿಯಲ್ಲಿ ಉರುಳಿಸಿ ತುಕ್ಕು ಬಿಡಿಸುವ ಕೆಲಸಕ್ಕೆ ಅವಳನ್ನು ಹಚ್ಚಿ. ಗುರು ಅವಳನ್ನು ಮೊದಲು ಗಮನಿಸುವುದು ಅಲ್ಲೇ ಆಗಲಿ.

ಐವತ್ತು ಕೆಜಿ ಎಂದವರಿಗೆ ಮಣಿಯಬೇಡಿ. ಯುದ್ಧದ ಪೂರ್ಣ ತಗಡಿನ ಕವಚ ಸಾಮಾನ್ಯವಾಗಿ 20ರಿಂದ 25 ಕೆಜಿ, ಭಾರ ಮೈತುಂಬ ಹಂಚಿಹೋಗುತ್ತದೆ. ಪಳಗಿದವರು ಅದನ್ನು ತೊಟ್ಟೇ ಬಿದ್ದರೆ ಏಳುತ್ತಿದ್ದರು, ಕುದುರೆ ಹತ್ತುತ್ತಿದ್ದರು. ಇನ್ನು ರಾಜಕುಮಾರ: ಎಲ್ಲವನ್ನೂ ಸಲೀಸಾಗಿ ಗೆಲ್ಲುವವಳ ಬಗ್ಗೆ ಆತಂಕ ಉಳಿಯದ ಓದುಗರು ಬೇರೆ ಏನಾದರೂ ಬರಲಿ ಎಂದು ಕೇಳುತ್ತಾರೆ. ಅವಳು ಸೋತರೆ ಆ ಬೇಡಿಕೆ ತಗ್ಗುತ್ತದೆ.

ನಿಮ್ಮನ್ನು ಬೈದವರಿಗೆ ಉತ್ತರಿಸಬೇಡಿ; ಸ್ಕ್ರೀನ್‌ಶಾಟ್ ತೆಗೆದಿಟ್ಟು ಬ್ಲಾಕ್ ಮಾಡಿ. ಉಳಿದ ಮಾತುಗಳನ್ನು ಕಂತು, ಸಾಲಿನ ಸಮೇತ ಬರೆದುಕೊಳ್ಳಿ. ಮೂವರು ಒಂದೇ ಸಾಲಿನಲ್ಲಿ ಎಡವಿದ್ದರೆ ತಿದ್ದಿ.

ಅಣ್ಣನ ಚಿಂತೆಯನ್ನು ತಳ್ಳಿಹಾಕಬೇಡಿ. ಕಾವ್ಯನಾಮ ಇಟ್ಟುಕೊಳ್ಳಿ. ಕಥೆಯಲ್ಲಿ ನಿಜವಾದ ಒಕ್ಕದ (ಕೊಡವ ಮನೆತನದ) ಹೆಸರಿದ್ದರೆ ಇವತ್ತೇ ತೆಗೆಯಿರಿ. ಕೊಡಗಿನಲ್ಲಿ ಮನೆಪೆದ, ಅಂದರೆ ಮನೆತನದ ಹೆಸರು, ಹೇಳಿದರೆ ಸಾಕು, ಯಾರ ಮನೆಯೆಂದು ಗೊತ್ತಾಗಿಬಿಡುತ್ತದೆ. ತಿದ್ದಿದ ಕಂತನ್ನು ಪ್ರಕಟಿಸುವ ಮೊದಲು ಅಣ್ಣನಿಗೇ ಓದಲು ಕೊಡಿ.