ಎಲ್‌ಎಂ386 ಆಂಪ್ಲಿಫೈಯರ್ ‘ಪುಟ್ ಪುಟ್’ ಅಂತಿದ್ರೆ ಐಸಿ ಬದಲಿಸುವ ಮೊದಲು ಇಷ್ಟು ನೋಡಿ

ಸರ್, ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ತೂತಿಗೆ ಚುಚ್ಚಿ ಜೋಡಿಸುವ ಹಲಗೆ) ಮೇಲೆ ಎಲ್‌ಎಂ386 ಐಸಿ, 9 ವೋಲ್ಟಿನ ಚೌಕ ಬ್ಯಾಟರಿ, 8 ಓಮ್ ಸ್ಪೀಕರ್, ಮೊಬೈಲಿನಿಂದ ಹಾಡು. ವಾಲ್ಯೂಮ್ ಅರ್ಧ ದಾಟಿದ ಕೂಡಲೇ ‘ಪುಟ್ ಪುಟ್ ಪುಟ್’ ಅಂತ ಬಡಿದುಕೊಳ್ಳುತ್ತದೆ, ಐಸಿ ಬಿಸಿಯಾಗುತ್ತದೆ, ಹೊಸ ಐಸಿ ಹಾಕಿದರೂ ಅದೇ ಕಥೆ ಅಂತ ಬರೆದಿದ್ದೀರಿ. ದಯವಿಟ್ಟು ಇನ್ನೊಂದು ಐಸಿ ತರಲು ಹೋಗಬೇಡಿ. ಎರಡು ಐಸಿ ಒಂದೇ ಥರ ಕೆಟ್ಟಿರುವುದು ತೀರಾ ಅಪರೂಪ. ತೊಂದರೆ ಇರುವುದು ಅದರ ಸುತ್ತಲಿನ ವೈರುಗಳಲ್ಲಿ.

ಮೊದಲು ಮೀಟರ್ ಹಿಡಿಯಿರಿ. ಮೊಬೈಲ್ ಕೇಬಲ್ ತೆಗೆದು, ವಾಲ್ಯೂಮ್ ಪೂರ್ತಿ ಇಳಿಸಿ. ಕಪ್ಪು ಪ್ರೋಬನ್ನು ಐಸಿಯ 4ನೇ ಪಿನ್ನಿಗೇ (ಗ್ರೌಂಡ್) ಮುಟ್ಟಿಸಿ. ಬೋರ್ಡಿನ ಗ್ರೌಂಡ್ ಸಾಲಿಗಲ್ಲ, ಪಿನ್ನಿಗೆ. ಕೆಂಪು ಪ್ರೋಬ್ 6ನೇ ಪಿನ್ನಿಗಿಟ್ಟರೆ (ಸಪ್ಲೈ) ಬ್ಯಾಟರಿಯಷ್ಟೇ ವೋಲ್ಟೇಜ್ ಕಾಣಬೇಕು. 5ನೇ ಪಿನ್ನಿನಲ್ಲಿ (ಔಟ್‌ಪುಟ್) ಅದರ ಅರ್ಧ, ಅಂದರೆ ಸುಮಾರು 4.5. ಇಷ್ಟು ಬಂತು ಅಂದರೆ ಐಸಿ ಬಹುತೇಕ ಚೆನ್ನಾಗೇ ಇದೆ. 5ನೇ ಪಿನ್ ಒಂದೇ ಕಡೆ ವಾಲಿಕೊಂಡಿದ್ದರೆ ಕನೆಕ್ಷನ್ ಪಿನ್ ಬೈ ಪಿನ್ ನೋಡಿ, ಇನ್‌ಪುಟ್ಟಿಗೆ ಎಲ್ಲಿಂದಲೋ ಡಿಸಿ ನುಗ್ಗುತ್ತಿದೆಯಾ ಅಂತಲೂ ನೋಡಿ. ಇನ್‌ಪುಟ್ ಆದ 3ನೇ ಪಿನ್ನಿಗೆ 0.1 ವೋಲ್ಟ್ ಡಿಸಿ ಬಂದರೂ ಸಾಕು, ಅದು 20 ಪಟ್ಟಾಗಿ 5ನೇ ಪಿನ್ನನ್ನು 2 ವೋಲ್ಟ್ ಮೇಲಕ್ಕೆ ತಳ್ಳುತ್ತದೆ.

ಈಗ ಹಾಡು ಹಾಕಿ, ಸದ್ದು ಶುರುವಾಗುವವರೆಗೆ ವಾಲ್ಯೂಮ್ ಏರಿಸಿ, 6ನೇ ಪಿನ್ ನೋಡುತ್ತಿರಿ. ಅಂಕಿ ಕುಣಿಯುತ್ತಾ 7ಕ್ಕೋ 6ಕ್ಕೋ ಇಳಿಯುತ್ತಿದ್ದರೆ ಅರ್ಧ ಕಳ್ಳ ಸಿಕ್ಕಿದ ಹಾಗೆ. ಈ ಐಸಿ ಸುಮ್ಮನಿದ್ದಾಗ 4 ಮಿಲಿಆಂಪಿಯರ್ ಆಸುಪಾಸು ಎಳೆಯುತ್ತದೆ. 8 ಓಮ್ ಸ್ಪೀಕರಿನಲ್ಲಿ ಜೋರಾಗಿ ಹಾಡುವಾಗ ಒಂದೊಂದು ಕ್ಷಣ 300 ಮಿಲಿಆಂಪಿಯರ್ ದಾಟುತ್ತದೆ. ಚೌಕ ಬ್ಯಾಟರಿಗೆ ಅದು ಭಾರ, ಹಳೆಯದಾದರಂತೂ ಕೇಳಲೇಬೇಡಿ. ಲೋಡ್ ಇಲ್ಲದೆ ಅಳೆದರೆ 9 ತೋರಿಸುತ್ತದೆ, ಕೆಲಸ ಕೊಟ್ಟರೆ ಕುಸಿಯುತ್ತದೆ. ಆ ಕುಸಿತ ಐಸಿಯ ಒಳಗಿನ ಮೊದಲ ಹಂತಕ್ಕೂ ಮುಟ್ಟಿ, ಅಲ್ಲಿಂದ ಮತ್ತೆ ದೊಡ್ಡದಾಗಿ ಸ್ಪೀಕರಿಗೆ ಬರುತ್ತದೆ. ವೋಲ್ಟೇಜ್ ಚೇತರಿಸಿಕೊಂಡ ಕೂಡಲೇ ಇನ್ನೊಂದು ಸುತ್ತು. ನಿಮ್ಮ ‘ಪುಟ್ ಪುಟ್’ ಅಂದರೆ ಇದೇ.

ಕೆಪಾಸಿಟರ್ ಹಾಕಿದ್ದೀನಲ್ಲ ಅಂತೀರಿ. ಹಾಕಿದ್ದೀರಿ, ನಿಜ. ಆದರೆ ಬ್ಯಾಟರಿ ವೈರ್ ಬಂದು ಸೇರುವ ಮೂಲೆಯಲ್ಲಿ, ಐಸಿಯಿಂದ ಗೇಣುದ್ದ ದೂರದಲ್ಲಿ. ಅಲ್ಲಿ ಅದು ಇದ್ದೂ ಇಲ್ಲದ ಹಾಗೆ. 470 ಮೈಕ್ರೋಫ್ಯಾರಡ್, 16 ವೋಲ್ಟಿನದನ್ನು 6 ಮತ್ತು 4ನೇ ಪಿನ್ನುಗಳ ಪಕ್ಕದ ತೂತಿಗೇ ಚುಚ್ಚಿ, ಕಾಲು ಗಿಡ್ಡವಾಗಿರಲಿ. ಜೊತೆಗೊಂದು 0.1 ಮೈಕ್ರೋಫ್ಯಾರಡ್ ಸೆರಾಮಿಕ್. 7ನೇ ಪಿನ್ ಖಾಲಿ ಬಿಟ್ಟಿದ್ದೀರಿ. ಅಲ್ಲಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಹಾಕಿದರೆ ಸಪ್ಲೈಯ ಗಲಾಟೆ ಒಳಗೆ ಹೋಗುವುದು ಕಡಿಮೆಯಾಗುತ್ತದೆ.

ಇನ್ನರ್ಧ ಕಳ್ಳ ಗ್ರೌಂಡ್. ಇದನ್ನು ಯಾರೂ ನೋಡುವುದಿಲ್ಲ. ಫೋಟೋದಲ್ಲಿ ಸ್ಪೀಕರಿನ ಕಪ್ಪು ವೈರ್ ಗ್ರೌಂಡ್ ಸಾಲಿನ ಒಂದು ತುದಿಗೆ ಹೋಗಿದೆ, ಬ್ಯಾಟರಿ ಇನ್ನೊಂದು ತುದಿಯಲ್ಲಿದೆ, ನಡುವೆ ವಾಲ್ಯೂಮ್ ಪಾಟ್ (ವಾಲ್ಯೂಮ್ ತಿರುಗಿಸುವ ರೆಸಿಸ್ಟರ್) ಕೂತಿದೆ. ಸ್ಪೀಕರ್ ಕರೆಂಟೆಲ್ಲ ಪಾಟಿನ ಕಾಲಡಿಯಲ್ಲೇ ಹಾದು ಹೋಗುತ್ತಿದೆ. ಬ್ರೆಡ್‌ಬೋರ್ಡಿನ ಸಡಿಲ ಕ್ಲಿಪ್ಪು, ತೆಳು ಜಂಪರ್ ಸೇರಿ 0.1 ಓಮ್ ಅಂತಿಟ್ಟುಕೊಳ್ಳಿ. 300 ಮಿಲಿಆಂಪಿಯರಿಗೆ 30 ಮಿಲಿವೋಲ್ಟ್ ಆಯಿತು. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ನೀವು 1 ಮತ್ತು 8ನೇ ಪಿನ್ನಿನ ನಡುವೆ 10 ಮೈಕ್ರೋಫ್ಯಾರಡ್ ಹಾಕಿದ್ದೀರಿ, ಅಂದರೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನುವ ಲೆಕ್ಕ) 200. ಮೇಲೆ ಹೇಳಿದ 20 ಪಟ್ಟು ಡಿಸಿಗೆ ಮಾತ್ರ. ಆ 30 ಮಿಲಿವೋಲ್ಟ್ 200 ಪಟ್ಟಾದರೆ 6 ವೋಲ್ಟ್! ಹಾಡೇ ಇಲ್ಲದಿದ್ದರೂ ಅದು ತನ್ನ ಪಾಡಿಗೆ ತಾನು ಕಿರುಚಿಕೊಂಡಿರಬಹುದು.

ಹಾಗಾಗಿ ಸ್ಪೀಕರಿನ ವಾಪಸ್ ವೈರನ್ನು ಆ 470ರ ಮೈನಸ್ ಕಾಲಿಗೇ ತನ್ನಿ. ಬ್ಯಾಟರಿ ಮೈನಸ್ ಕೂಡ ಅಲ್ಲಿಗೇ. ಪಾಟ್, 2ನೇ ಪಿನ್, ಮೊಬೈಲ್ ಕೇಬಲ್ಲಿನ ಗ್ರೌಂಡ್ ಈ ಮೂರನ್ನು ಬೇರೆ ಒಂದು ಕಡೆ ಕೂಡಿಸಿ, ಅಲ್ಲಿಂದ ಒಂದೇ ವೈರ್ 4ನೇ ಪಿನ್ನಿಗೆ. ಇನ್‌ಪುಟ್ ವೈರ್ ಸ್ಪೀಕರ್ ವೈರಿನ ಪಕ್ಕದಲ್ಲೇ ಹೋಗದಿರಲಿ. ಅಂದ ಹಾಗೆ, ಕೆಲವು ಬ್ರೆಡ್‌ಬೋರ್ಡಿನಲ್ಲಿ ಪಕ್ಕದ ಕೆಂಪು-ನೀಲಿ ಸಾಲು ನಡುವೆ ತುಂಡಾಗಿರುತ್ತದೆ. ಗೆರೆ ಮಧ್ಯದಲ್ಲಿ ನಿಂತು ಮತ್ತೆ ಶುರುವಾಗಿದೆಯಾ ನೋಡಿ, ಮೀಟರಿನ ಬೀಪ್ ಇಟ್ಟು ಖಚಿತ ಮಾಡಿಕೊಳ್ಳಿ.

ಅಷ್ಟಕ್ಕೂ ಮೊಬೈಲಿಗೆ 200 ಗೇನ್ ಯಾಕೆ ಬೇಕು? ಹೆಡ್‌ಫೋನ್ ಜಾಕಿನಿಂದ ಬರುವ ಸಿಗ್ನಲ್ಲೇ ಸಾಕಷ್ಟು ದೊಡ್ಡದು. 1 ಮತ್ತು 8ರ ನಡುವಿನ ಕೆಪಾಸಿಟರ್ ಕಿತ್ತುಬಿಡಿ, ಗೇನ್ 20ಕ್ಕೆ ಇಳಿಯುತ್ತದೆ. ಮೈಕ್ ಅಥವಾ ಗಿಟಾರ್ ಹಾಕುವ ದಿನ ಅದರ ಯೋಚನೆ ಮಾಡೋಣ. ಎಡ-ಬಲ ಎರಡೂ ಚಾನೆಲ್ ನೇರವಾಗಿ ತಿರುಚಿ ಸೇರಿಸಿದ ಹಾಗೆ ಕಾಣುತ್ತದೆ, ಅದು ಬೇಡ. ಒಂದೊಂದಕ್ಕೂ 1 ಕಿಲೋಓಮ್ ರೆಸಿಸ್ಟರ್ ಹಾಕಿ ಆಮೇಲೆ ಸೇರಿಸಿ.

ಬಿಸಿಯ ವಿಷಯ. ವಾಲ್ಯೂಮ್ ಸೊನ್ನೆ ಇಟ್ಟು, ಮೀಟರನ್ನು ಮಿಲಿಆಂಪಿಯರ್ ರೇಂಜಿಗೆ ಬದಲಿಸಿ ಬ್ಯಾಟರಿಯ ಪ್ಲಸ್ ದಾರಿಯಲ್ಲಿ ಸರಣಿಯಾಗಿ ಸೇರಿಸಿ. 8ರ ಒಳಗಿದ್ದರೆ ಸರಿ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಐಸಿ ಕಿವಿಗೆ ಕೇಳದಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ಆಸಿಲೇಟ್ ಆಗುತ್ತಿರಬಹುದು (ತಾನಾಗೇ ಕಂಪಿಸುತ್ತಿರಬಹುದು). 5ನೇ ಪಿನ್ನಿನಿಂದ ಗ್ರೌಂಡಿಗೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, 10 ಓಮ್ ರೆಸಿಸ್ಟರ್ ಸರಣಿಯಲ್ಲಿ ಇರಲೇಬೇಕು. ತುಂಬಾ ಜನ ಬೇಡ ಅಂತ ಬಿಡುವುದು ಇದನ್ನೇ, ನಿಮ್ಮ ಬೋರ್ಡಿನಲ್ಲೂ ಕಾಣಲಿಲ್ಲ. ಅಳೆದಾದ ಮೇಲೆ ಮೀಟರನ್ನು ವೋಲ್ಟಿಗೆ ತಿರುಗಿಸಿ, ಕೆಂಪು ಪ್ರೋಬಿನ ತೂತೂ ಬದಲಿಸಿ. ಇಲ್ಲದಿದ್ದರೆ ಮುಂದಿನ ಸಲ ಮೀಟರಿನ ಫ್ಯೂಸ್ ಹೋಗುತ್ತದೆ.

ಇಷ್ಟಾದ ಮೇಲೂ ಬಡಿದುಕೊಂಡರೆ 5, 6, 7ನೇ ಪಿನ್ನುಗಳ ವೋಲ್ಟೇಜನ್ನು ಹಾಡು ಇರುವಾಗ, ಇಲ್ಲದಿರುವಾಗ ಎರಡೂ ಬರೆದು ಹಾಕಿ. ಬೋರ್ಡಿನ ಫೋಟೋ ಮೇಲಿನಿಂದ ನೇರವಾಗಿ ತೆಗೆಯಿರಿ, ಈ ಸಲದ್ದು ಓರೆಯಾಗಿ ಬಂದು 2 ಮತ್ತು 3ನೇ ಪಿನ್ನಿನ ವೈರುಗಳು ಒಂದರ ಹಿಂದೆ ಒಂದು ಮುಚ್ಚಿಹೋಗಿವೆ.