ಅಕ್ಕನ ಮಾತ್ರೆ, ತಂಗಿಯ ಕೆಮ್ಮು

ಬಿಪಿ ಮಾತ್ರೆಗಳಲ್ಲಿ ಯಾವುದು ಸ್ಟ್ರಾಂಗ್ ಅಂತ ಕೇಳಿಕೊಂಡು ಬರುವವರು ಬಹಳ. ಈ ಪ್ರಶ್ನೆಯ ಹಿಂದೆ ಏನಿರಬಹುದು ಅಂತ ನನಗೆ ಕಲಿಸಿದ ಪ್ರಕರಣ ಇದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಐವತ್ತು ದಾಟಿದ ಮಹಿಳೆ. ಅವರಿಗೆ ರಾಮಿಪ್ರಿಲ್ 5 ಮಿಲಿಗ್ರಾಂ, ಅಕ್ಕನಿಗೆ ಟೆಲ್ಮಿಸಾರ್ಟನ್ 40. "ಅಕ್ಕನದೇ ಜೋರು ಅಲ್ವಾ?" ಎಂದರು. ಬೇರೆ ಬೇರೆ ಔಷಧಿಗಳ ಮಿಲಿಗ್ರಾಂ ಹೋಲಿಸಬಾರದು ಅಂತ ಹೇಳಿ ಕಳಿಸಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದು ನನ್ನ ತಪ್ಪು.

ಎರಡನೇ ಭೇಟಿಗೆ ಬಿಪಿ ಬರೆದ ಪುಸ್ತಕ ತಂದಿದ್ದರು. ನಡುನಡುವೆ ಖಾಲಿ ದಿನಗಳು. ಯಾಕಮ್ಮಾ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಕೆಮ್ಮು ಜಾಸ್ತಿ ಆದ ದಿನ ನನ್ನ ಮಾತ್ರೆ ಬಿಡ್ತೀನಿ. ಅಕ್ಕನದು ತಗೋತೀನಿ. ಒಂದೊಂದು ದಿನ ಹೆದರಿಕೆಯಾಗಿ ಎರಡೂ ನುಂಗಿದ್ದೀನಿ. ಡಾಕ್ಟರಿಗೆ ಹೇಳಿದರೆ ಬೈತಾರೆ."

ಆ ಕೆಮ್ಮಿಗೆ ಕಾರಣ ರಾಮಿಪ್ರಿಲ್ಲೇ ಇರಬಹುದಿತ್ತು. ರಾಮಿಪ್ರಿಲ್ ಇರುವ ಗುಂಪಿನ ಮಾತ್ರೆಗಳು ಎಸಿಇ ಎಂಬ ಕಿಣ್ವವನ್ನು ತಡೆಯುತ್ತವೆ. ಅದೇ ಕಿಣ್ವ ಬ್ರಾಡಿಕೈನಿನ್ ಎಂಬ ವಸ್ತುವನ್ನೂ ಒಡೆಯುತ್ತದೆ. ಅದು ಒಡೆಯದೆ ಉಳಿದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಒಣಕೆಮ್ಮು ಬರುತ್ತದೆ. ಟೆಲ್ಮಿಸಾರ್ಟನ್, ಲೊಸಾರ್ಟನ್ ಆ ಕಿಣ್ವವನ್ನು ಮುಟ್ಟುವುದಿಲ್ಲ, ಹಾಗಾಗಿ ಕೆಮ್ಮು ಅಪರೂಪ. 2008ರ ಆನ್‌ಟಾರ್ಗೆಟ್ ಅಧ್ಯಯನದಲ್ಲಿ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಎರಡೂ ಹೃದಯವನ್ನು ಸರಿಸಮವಾಗಿ ಕಾಪಾಡಿದವು. ಎರಡನ್ನೂ ಸೇರಿಸಿ ಕೊಟ್ಟಾಗ ಲಾಭ ಹೆಚ್ಚಲಿಲ್ಲ. ಬಿಪಿ ತೀರಾ ಇಳಿಯುವುದು, ಕಿಡ್ನಿ ತೊಂದರೆ ಹೆಚ್ಚಾದವು.

ಯಾವ ಮಾತ್ರೆ ಅಂತ ನಾನು ಹೇಳಲಿಲ್ಲ. ಅದು ವೈದ್ಯರ ಕೆಲಸ. ಅಕ್ಕನ ಮಾತ್ರೆ ಇವತ್ತೇ ನಿಲ್ಲಿಸಿ, ಈಗಲೇ ವೈದ್ಯರಿಗೆ ಫೋನ್ ಮಾಡಿ ಎಂದೆ. ಕೆಮ್ಮು ಶುರುವಾದ ದಿನ, ಬಿಟ್ಟ ದಿನ, ಎರಡೂ ನುಂಗಿದ ದಿನ, ನೋವಿನ ಮಾತ್ರೆ ಏನಾದರೂ ತಗೊಂಡಿದ್ದರೆ ಅದು, ಎಲ್ಲ ಒಂದು ಚೀಟಿಯಲ್ಲಿ ಬರೆಸಿದೆ. ಬಾಯಲ್ಲಿ ಹೇಳೋಕೆ ಆಗದಿದ್ದರೆ ಚೀಟಿ ಕೊಡಿ, ಸಾಕು. ತುಟಿ, ನಾಲಿಗೆ ಊದಿಕೊಂಡರೆ ಮಾತ್ರ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ ಎಂದೂ ಹೇಳಿದೆ.

ಬೈಯದೆ ಕೇಳಿಸಿಕೊಂಡೆ ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಬೈದಿದ್ದರೆ ಆ ಚೀಟಿಯಲ್ಲಿ ಅರ್ಧ ಸಂಗತಿ ಇರುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ.

ವೈದ್ಯರು ರಾಮಿಪ್ರಿಲ್ ನಿಲ್ಲಿಸಿ ಟೆಲ್ಮಿಸಾರ್ಟನ್ ಬರೆದರು. ಎರಡು ವಾರಕ್ಕೆ ಪೊಟ್ಯಾಸಿಯಂ, ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಹೇಳಿದರು. ಕೆಮ್ಮು ಪೂರ್ತಿ ಹೋಗಲು ಒಂದು ತಿಂಗಳು ಬೇಕಾಯಿತು. ಪುಸ್ತಕದಲ್ಲಿ ಈಗ ಖಾಲಿ ದಿನಗಳಿಲ್ಲ.