ಆ ಒಂದು ವರ್ಷ ಎಲ್ಲಿ?

ನಮಸ್ಕಾರ. ಕ್ರಿಕೆಟ್ ಆಟಗಾರ್ತಿ ಶೆಫಾಲಿ ವರ್ಮಾ ಕುರಿತ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಲಾಗುವುದಿಲ್ಲ. ಹಾಗಂತ ಕೈಬಿಡುವ ಮನಸ್ಸೂ ಇಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

15ನೇ ವಯಸ್ಸಿಗೆ ಭಾರತ ತಂಡ, ಸಚಿನ್ ದಾಖಲೆ ಮುರಿದ ಅರ್ಧಶತಕ, 19 ವರ್ಷದೊಳಗಿನವರ ವಿಶ್ವಕಪ್, ಚೆನ್ನೈ ಟೆಸ್ಟ್‌ನ 205, ಕೊನೆಗೆ 2025ರ ಏಕದಿನ ವಿಶ್ವಕಪ್ ಫೈನಲ್. ಎಲ್ಲವನ್ನೂ ವರ್ಷವಾರು ಜೋಡಿಸಿದ್ದೀರಿ. ಓದಿದರೆ ರೋಹ್ತಕ್‌ನ ಈ ಹುಡುಗಿ ಹತ್ತಿದ್ದೇ ಹತ್ತಿದ್ದು, ಒಮ್ಮೆಯೂ ಜಾರಲೇ ಇಲ್ಲ ಅನಿಸುತ್ತದೆ. ಹಾಗಿದ್ದರೆ ಫೈನಲ್‌ಗೆ ಇನ್ನೊಂದು ವಾರವಿದೆ ಎನ್ನುವವರೆಗೂ ಆಕೆ ವಿಶ್ವಕಪ್ ತಂಡದಲ್ಲೇ ಏಕಿರಲಿಲ್ಲ? ನಿಮ್ಮ ಲೇಖನ ಇದನ್ನು ಕೇಳುವುದೇ ಇಲ್ಲ. ‘ಪ್ರತೀಕಾ ರಾವಲ್ ಗಾಯಗೊಂಡಿದ್ದರಿಂದ ಅವಕಾಶ ಒಲಿಯಿತು’ ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ಕತೆ ಇರುವುದೇ ಅಲ್ಲಿ. 2024ರ ಕೊನೆಗೆ ಶೆಫಾಲಿಯನ್ನು ಏಕದಿನ ತಂಡದಿಂದ ಕೈಬಿಟ್ಟರು. ಅನ್ಯಾಯವೇನಲ್ಲ, 2022ರ ಜುಲೈ ನಂತರ ಏಕದಿನದಲ್ಲಿ ಒಂದು ಅರ್ಧಶತಕವೂ ಬಂದಿರಲಿಲ್ಲ. ಆ ಡಿಸೆಂಬರ್‌ನಲ್ಲೇ ಕಾಲಿಟ್ಟ ಪ್ರತೀಕಾ, ಆರಂಭಿಕ ಬ್ಯಾಟರ್ ಆಗಿ ಸ್ಮೃತಿ ಮಂಧಾನ ಜೊತೆ ನಿಂತು ರನ್ ಗುಡ್ಡೆ ಹಾಕುತ್ತಾ ಹೋದರು. ಅದೇ ತಿಂಗಳು ರಾಜ್‌ಕೋಟ್‌ನಲ್ಲಿ ದೇಶಿ ಏಕದಿನ ಪಂದ್ಯದಲ್ಲಿ ಹರಿಯಾಣ ಪರ ಶೆಫಾಲಿ 115 ಎಸೆತಗಳಲ್ಲಿ 197 ಬಾರಿಸಿದರು. ಆದರೆ ಬಂಗಾಳ 390ರ ಗುರಿಯನ್ನು ಬೆನ್ನಟ್ಟಿ ಗೆದ್ದುಬಿಟ್ಟಿತು. ಅಷ್ಟು ಹೊಡೆದೂ ಸೋಲು, ಅಷ್ಟು ಹೊಡೆದೂ ವಿಶ್ವಕಪ್ ತಂಡದಲ್ಲಿ ಜಾಗವಿಲ್ಲ. ನಿಮ್ಮ ಲೇಖನದಲ್ಲಿ ಆ 197 ಇಲ್ಲವೇ ಇಲ್ಲ! ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ಇನ್ನೊಂದು ಜಾಗ, 2020ರ ಮಾರ್ಚ್ 8, ಮೆಲ್ಬರ್ನ್. ‘ಟಿ20 ವಿಶ್ವಕಪ್‌ನಲ್ಲಿ ಮಿಂಚಿದರು’ ಎಂದಿದ್ದೀರಿ. ಫೈನಲ್‌ವರೆಗೆ ನಿಜ. ಫೈನಲ್‌ನ ಮೊದಲ ಓವರ್‌ನಲ್ಲೇ ಆಸ್ಟ್ರೇಲಿಯಾದ ಅಲಿಸಾ ಹೀಲಿ ಕೊಟ್ಟ ಕ್ಯಾಚನ್ನು ಕೈಚೆಲ್ಲಿದ್ದು ಇದೇ ಶೆಫಾಲಿ. ಹೀಲಿ 39 ಎಸೆತಗಳಲ್ಲಿ 75 ಚಚ್ಚಿದರು. ಬ್ಯಾಟಿಂಗ್‌ಗೆ ಬಂದ ಶೆಫಾಲಿ 2 ರನ್ನಿಗೆ ಔಟ್. ನೋಡುತ್ತಿದ್ದವರು 86,174 ಮಂದಿ. ಆಕೆಗೆ ಆಗ 16. ಇದನ್ನು ಬರೆದರೆ ಆಕೆಯ ಮರ್ಯಾದೆ ಹೋಗುತ್ತದೆಂದು ಹೆದರಿದಿರೇನೋ. ಇದನ್ನು ಬಿಟ್ಟರೆ, ಐದು ವರ್ಷದ ನಂತರ ಇನ್ನೊಂದು ಫೈನಲ್‌ನಲ್ಲಿ ಹೊಡೆದ 87ಕ್ಕೆ ತೂಕವೇ ಬರುವುದಿಲ್ಲ.

ಆಟದ ಬಗ್ಗೆಯೂ ಸ್ವಲ್ಪ ಬರೆಯಿರಿ. ‘ಸ್ಫೋಟಕ ಬ್ಯಾಟರ್’, ‘ಬೌಂಡರಿಗಳ ಸುರಿಮಳೆ’, ‘ಲೇಡಿ ಸೆಹ್ವಾಗ್’ ಓದಿದರೆ ಆಕೆ ಹೇಗೆ ಆಡುತ್ತಾರೆಂದು ಏನೂ ಕಾಣುವುದಿಲ್ಲ. ಬ್ರಿಸ್ಟಲ್‌ನ ಚೊಚ್ಚಲ ಟೆಸ್ಟ್‌ನಲ್ಲಿ 96ರಲ್ಲಿದ್ದಾಗ ಇಂಗ್ಲೆಂಡ್‌ನ ಕೇಟ್ ಕ್ರಾಸ್ ಎಸೆತವನ್ನು ಎತ್ತಿ ಹೊಡೆಯಲು ಹೋಗಿ ಮಿಡ್‌ಆಫ್‌ನಲ್ಲಿ ಕ್ಯಾಚ್ ಕೊಟ್ಟರು. ನಾಲ್ಕು ರನ್ ಬೇಕಿದ್ದಾಗಲೂ ಒಂಟಿ ರನ್ನಿಗೆ ಕಾಯದ ಆ ಸ್ವಭಾವವೇ ಆಕೆಯನ್ನು ಮೇಲೆತ್ತಿದ್ದು, ತಂಡದಿಂದ ಹೊರಹಾಕಿಸಿದ್ದೂ ಅದೇ. ಈ ಒಂದು ಹೊಡೆತದ ಮೇಲೆ ಒಂದು ಪ್ಯಾರಾ ಬರೆಯಬಹುದು.

ಕೂದಲು ಕತ್ತರಿಸಿಕೊಂಡು ಹುಡುಗನಂತೆ ಆಡಿದ ಪ್ರಸಂಗ ಎಲ್ಲರೂ ಬರೆದು ಸವೆದಿದೆ. ಎರಡು ಸಾಲು ಸಾಕು. ‘ದೇವರೇ ಆಕೆಯನ್ನು ಕಳುಹಿಸಿದ’ ಎಂಬ ಸಾಲು ತೆಗೆಯಿರಿ. ಆ ಮಾತು ಶೆಫಾಲಿಯದು, ಆಕೆ ಹೇಳಿಕೊಳ್ಳಬಹುದು. ಬರೆಯುವವರು ಹೇಳಿದರೆ ಆಕೆಯ ಬೆವರನ್ನು ಬೇರೆಯವರ ಖಾತೆಗೆ ಹಾಕಿದಂತಾಗುತ್ತದೆ. 2025ರ ಸೆಮಿಫೈನಲ್‌ನಲ್ಲಿ ಬರೀ 10 ರನ್ ಗಳಿಸಿದ್ದರೆಂದೂ ಸೇರಿಸಿ, ಮುಚ್ಚಿಡಬೇಡಿ.

ಫೈನಲ್‌ನ ಬೌಲಿಂಗ್ ಭಾಗ ನಿಮಗೆ ಚೆನ್ನಾಗಿ ಬಂದಿದೆ. ದಕ್ಷಿಣ ಆಫ್ರಿಕಾದ ವೊಲ್ವಾರ್ಟ್–ಲೂಸ್ ಜೊತೆಯಾಟ 52ಕ್ಕೆ ಬೆಳೆದಿದ್ದಾಗ, ಅಪರೂಪಕ್ಕೆ ಬೌಲ್ ಮಾಡುವ ಶೆಫಾಲಿಗೆ ನಾಯಕಿ ಹರ್ಮನ್‌ಪ್ರೀತ್ ಚೆಂಡು ಕೊಟ್ಟದ್ದು, ಲೂಸ್ ಆಕೆಯ ಕೈಗೇ ಕ್ಯಾಚ್ ಕೊಟ್ಟದ್ದು, ಹಿಂದೆಯೇ ಕಾಪ್ ವಿಕೆಟ್ ಬಿದ್ದದ್ದು ಕಣ್ಣಿಗೆ ಕಟ್ಟುತ್ತದೆ. ಅದನ್ನು ಮುಟ್ಟಬೇಡಿ. ಒಂದೇ ತಿದ್ದುಪಡಿ: ಆ ದಿನ ಐದು ವಿಕೆಟ್ ಪಡೆದದ್ದು ದೀಪ್ತಿ ಶರ್ಮಾ. ಶೆಫಾಲಿಗೆ ಎರಡು.